ಐವತ್ತೆಂಟು ಯಾರಿಗೆ ನಿವೃತ್ತಿ ವಯಸ್ಸು?

ನಿವೃತ್ತಿ ವಯಸ್ಸು ಏರಿಸಿದ್ದಕ್ಕೆ ಜನ ಬೀದಿಗಿಳಿಯುವುದೆಂದರೆ ಅದು ಫ್ರಾನ್ಸಿನಂಥ ದೇಶಗಳ ಸುದ್ದಿ ಎಂದು ನಮ್ಮಲ್ಲಿ ಹಲವರ ಭಾವನೆ. 2023ರಲ್ಲಿ ಅಲ್ಲಿನ ಸರಕಾರ ಈ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಹೊರಟಾಗ ಲಕ್ಷಾಂತರ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ, ಮೆರವಣಿಗೆ ನಡೆಸಿದರು. ಆದರೆ ಅದಕ್ಕೆ ಏಳು ವರ್ಷ ಮೊದಲೇ, 2016ರ ಏಪ್ರಿಲ್ 18 ಮತ್ತು 19ರಂದು, ನಮ್ಮ ಬೆಂಗಳೂರಿನಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಇದೇ ಬಗೆಯ ಪ್ರಶ್ನೆಗಾಗಿ ಕೆಲಸ ಬಿಟ್ಟು ರಸ್ತೆಗೆ ಬಂದಿದ್ದರು. ಅಂದು ಟಿ.ವಿ.ಯಲ್ಲಿ ನಾವು ಹೆಚ್ಚಾಗಿ ನೋಡಿದ್ದು ಉರಿಯುವ ಬಸ್ಸುಗಳನ್ನು. ಆ ಹೆಣ್ಣುಮಕ್ಕಳು ಏನು ಕೇಳುತ್ತಿದ್ದರು ಎಂಬುದು ಹೊಗೆಯಲ್ಲಿ ಮರೆಯಾಯಿತು. ಅದನ್ನು ಇಲ್ಲಿ ಸರಳವಾಗಿ ತಿಳಿಸಲು ಬಯಸುತ್ತೇವೆ.

ಈ ಕೆಲಸಕ್ಕೆ ಹೋಗುವವರು ಯಾರು?

ಕುಮಟಾದಿಂದ ಘಟ್ಟ ಹತ್ತಿ ಶಿರಸಿ, ಮುಂಡಗೋಡ ದಾಟಿ ಹುಬ್ಬಳ್ಳಿಗೆ ಹೋಗುವಾಗ ದಾರಿಯಲ್ಲಿ ತಡಸ ಸಿಗುತ್ತದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಊರು. ಸುತ್ತಮುತ್ತ ಮಳೆಯನ್ನೇ ನಂಬಿದ ಹೊಲಗಳು, ಹತ್ತಿ, ಗೋವಿನಜೋಳ. ಮಳೆ ಕೈಕೊಟ್ಟ ವರ್ಷ ಇಂಥ ಊರುಗಳ ಕುಟುಂಬಗಳು ದುಡಿಮೆ ಹುಡುಕಿಕೊಂಡು ನಗರಕ್ಕೆ ಹೋಗುವುದು ಹೊಸತಲ್ಲ. ಬೆಂಗಳೂರಿನ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು. ಮಂಡ್ಯ, ರಾಮನಗರ, ತುಮಕೂರಿನಂತೆಯೇ ಉತ್ತರ ಕರ್ನಾಟಕದ ಹಳ್ಳಿಗಳಿಂದಲೂ ಬಂದವರು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವಳು ಅಲ್ಲಿಯೇ 58 ವರ್ಷ ತುಂಬಿಸುವುದು ತೀರಾ ಅಪರೂಪ. ಮದುವೆ, ಹೆರಿಗೆ, ಬೆನ್ನುನೋವು, ಕಣ್ಣಿನ ತೊಂದರೆ, ಗಂಟೆಗೆ ಇಷ್ಟು ಪೀಸು ಎಂಬ ಗುರಿ, ಊರಲ್ಲಿ ವಯಸ್ಸಾದ ಅತ್ತೆ ಮಾವ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ನಲವತ್ತರ ಆಸುಪಾಸಿಗೇ ಕೆಲಸ ಬಿಡಬೇಕಾಗುತ್ತದೆ. 2016ರಲ್ಲಿ ಕಾಗದದ ಮೇಲೆ ಅವಳಿಗೂ ನಿವೃತ್ತಿ ವಯಸ್ಸು ಐವತ್ತೆಂಟೇ ಆಗಿತ್ತು.

ನಿಯಮದಲ್ಲಿ ಏನು ಬದಲಾಯಿತು?

ಎಲ್ಲರೂ ಪಿ.ಎಫ್. ಎಂದೇ ಕರೆಯುವ ಭವಿಷ್ಯನಿಧಿಗೆ 2016ರಲ್ಲಿ 1952ರ ಕಾಯ್ದೆ ಆಧಾರವಾಗಿತ್ತು. ಕಾರ್ಮಿಕರ ಸಂಬಳದಲ್ಲಿ ಶೇ. 12 ಹಿಡಿಯುತ್ತಾರೆ, ಮಾಲೀಕರೂ ಶೇ. 12 ಕಟ್ಟಬೇಕು. ಮಾಲೀಕರ ಪಾಲಿನಲ್ಲಿ ಶೇ. 8.33 ಪಿಂಚಣಿ ಯೋಜನೆಗೆ ಹೋಗಿ, ಉಳಿದ ಶೇ. 3.67 ಮಾತ್ರ ಭವಿಷ್ಯನಿಧಿಗೆ ಸೇರುತ್ತದೆ. ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸ ಸಿಗದಿದ್ದರೆ ನಿಧಿಯ ಪೂರ್ತಿ ಹಣ ತೆಗೆಯಬಹುದು ಎಂಬುದು ಅಲ್ಲಿಯವರೆಗಿನ ನಿಯಮ.

2016ರ ಫೆಬ್ರವರಿ 10ರಂದು ಕೇಂದ್ರ ಸರಕಾರ ಇದನ್ನು ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು ಮತ್ತು ಅದರ ಬಡ್ಡಿಯನ್ನು ಮಾತ್ರ ಪಡೆಯಬಹುದು, ಮಾಲೀಕರ ಪಾಲು ನಿವೃತ್ತಿಯವರೆಗೆ ನಿಧಿಯಲ್ಲೇ ಇರಬೇಕು ಎಂದಿತು. ಜೊತೆಗೆ ಪೂರ್ತಿ ಹಣ ಪಡೆಯುವ ವಯಸ್ಸನ್ನು 55ರಿಂದ 58ಕ್ಕೆ ಏರಿಸಿತು.

ಸರಕಾರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ನಡುವೆಯೇ ಹಣ ತೆಗೆದವರಿಗೆ ಮುಪ್ಪಿನಲ್ಲಿ ಏನೂ ಉಳಿಯುವುದಿಲ್ಲ. ಆ ಕಷ್ಟವನ್ನು ನಾವೂ ಮನೆಮನೆಗಳಲ್ಲಿ ಕಂಡಿದ್ದೇವೆ. ಆದರೆ ಲೆಕ್ಕವನ್ನು ಕಾರ್ಮಿಕಳ ಕಡೆಯಿಂದಲೂ ಹಾಕಿ ನೋಡೋಣ. ತಿಂಗಳ ಸಂಬಳ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಅವಳ ಪಾಲು 840 ರೂಪಾಯಿ. ಮಾಲೀಕರ ಕಡೆಯಿಂದ ನಿಧಿಗೆ ಸುಮಾರು 257 ರೂಪಾಯಿ. ಐದು ವರ್ಷಕ್ಕೆ ಈ 257 ರೂಪಾಯಿಯೇ ಬಡ್ಡಿ ಬಿಟ್ಟು 15,420 ರೂಪಾಯಿ ಆಗುತ್ತದೆ. ದೆಹಲಿಯ ಕಚೇರಿಯಲ್ಲಿ ಇದು ಸಣ್ಣ ಮೊತ್ತವಾಗಿ ಕಾಣಬಹುದು. ಅವಳಿಗೆ ಇದು ಎರಡು ತಿಂಗಳಿಗೂ ಮೀರಿದ ಸಂಬಳ. ಮಗಳ ಕಾಲೇಜು ಫೀಸು, ಬಡ್ಡಿ ಸಾಲದ ತೀರುವಳಿ, ಊರಿನ ಮನೆಯ ಹೆಂಚು ಇವೆಲ್ಲ ಅದರಲ್ಲಿವೆ. ತಿಂಗಳ ಸಂಬಳ ಬಾಡಿಗೆಗೂ ದಿನಸಿಗೂ ಮುಗಿದುಹೋಗುವವರಿಗೆ ಪಿ.ಎಫ್. ಎಂಬುದು ಜೀವನದಲ್ಲಿ ಒಟ್ಟಾಗಿ ಕೈಗೆ ಬರುವ ಒಂದೇ ಗಂಟು. ಮೂವತ್ತೈದರಲ್ಲಿ ಕೆಲಸ ಬಿಟ್ಟವಳಿಗೆ ಅದರ ಒಂದು ಭಾಗಕ್ಕಾಗಿ ಇನ್ನೂ ಇಪ್ಪತ್ತಮೂರು ವರ್ಷ ಕಾಯಿರಿ ಎಂದರೆ, ಅವಳಿಗೆ ಅದು ಉಳಿತಾಯದ ಪಾಠವಾಗಿ ಕೇಳಿಸಲಿಲ್ಲ. ತನ್ನ ಹಣ ಹೋಯಿತೆಂದೇ ಕೇಳಿಸಿತು.

ಆ ಎರಡು ದಿನ

ಏಪ್ರಿಲ್ 18ರ ಸೋಮವಾರ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಕಾರ್ಮಿಕರು ಕಾರ್ಖಾನೆಯಿಂದ ಹೊರಬಂದು ಕುಳಿತರು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹೋಗಿತ್ತು. ಮರುದಿನ ಪ್ರತಿಭಟನೆ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್ ಮೊದಲಾದ ಕಡೆಗಳಿಗೂ ಹಬ್ಬಿತು. ಲಾಠಿ ಪ್ರಹಾರವಾಯಿತು, ಅಶ್ರುವಾಯು ಸಿಡಿಯಿತು, ಕಲ್ಲು ತೂರಾಟ ನಡೆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿಯ ಪೊಲೀಸ್ ಠಾಣೆಯ ಮೇಲೂ ದಾಳಿಯಾಯಿತು. ಈ ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕಲ್ಲೆಸೆದವರ ತಪ್ಪನ್ನು ಸುಮ್ಮನೆ ರಸ್ತೆಯಲ್ಲಿ ಕುಳಿತಿದ್ದ ಸಾವಿರಾರು ತಾಯಂದಿರ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಏಪ್ರಿಲ್ 19ರಂದೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿದರು. ಹಳೆಯ ನಿಯಮವೇ ಮುಂದುವರಿಯಿತು. ಬೆಂಗಳೂರಿನ ಹೊಲಿಗೆಯವರು ಗೆದ್ದದ್ದು ದೇಶದ ಎಲ್ಲ ಚಂದಾದಾರರಿಗೂ ದಕ್ಕಿತು. ನಮ್ಮ ಕರಾವಳಿಯಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ತಾಯಂದಿರಿಗೂ ಭವಿಷ್ಯನಿಧಿ ಅನ್ವಯಿಸುತ್ತದೆ ಎಂದು 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಅವರಿಗೂ ಇದರ ಫಲ ಸಿಕ್ಕಿತು.

ಒಂದೇ ವಯಸ್ಸು, ಬೇರೆ ಬೇರೆ ಬದುಕು

2008ರಲ್ಲಿ ಕರ್ನಾಟಕ ಸರಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತ್ತು. ನೌಕರರು ಅದಕ್ಕಾಗಿ ಮುಷ್ಕರ ಹೂಡಲಿಲ್ಲ. ಅವರಿಗೆ ಅದು ಇನ್ನೆರಡು ವರ್ಷದ ಸಂಬಳ. ಖಾಯಂ ಕೆಲಸವಿದ್ದವರಿಗೆ ವಯಸ್ಸು ಏರಿದರೆ ದುಡಿಮೆ ಉದ್ದವಾಗುತ್ತದೆ. ಕೆಲಸವೇ ಖಾಯಂ ಇಲ್ಲದವರಿಗೆ ಉದ್ದವಾಗುವುದು ಕಾಯುವಿಕೆ ಮಾತ್ರ. ಈ ವ್ಯತ್ಯಾಸ ತಿಳಿಯದೆ ನಿಯಮ ಬರೆದದ್ದೇ 2016ರ ತಪ್ಪು ಎಂದು ನಮಗೆ ಅನಿಸುತ್ತದೆ.

ಪ್ರಶ್ನೆ ಇನ್ನೂ ಮುಗಿದಿಲ್ಲ. 2025ರ ಅಕ್ಟೋಬರ್ 13ರಂದು ಭವಿಷ್ಯನಿಧಿ ಸಂಸ್ಥೆಯ ಕೇಂದ್ರೀಯ ಮಂಡಳಿ ಹೊಸ ತೀರ್ಮಾನಗಳನ್ನು ಕೈಗೊಂಡಿತು. ನಡುವೆ ಹಣ ತೆಗೆಯುವ ನಿಯಮಗಳನ್ನು ಅದು ಸರಳಗೊಳಿಸಿತು, ಆದರೆ ನಾಲ್ಕರಲ್ಲೊಂದು ಭಾಗ ಖಾತೆಯಲ್ಲೇ ಉಳಿಯಬೇಕು ಎಂದಿತು. ಕೆಲಸ ಹೋದವರು ಪೂರ್ತಿ ಹಣ ಪಡೆಯಲು ಕಾಯಬೇಕಾದ ಅವಧಿಯನ್ನು ಎರಡು ತಿಂಗಳಿಂದ ಹನ್ನೆರಡಕ್ಕೂ, ಪಿಂಚಣಿ ಹಣಕ್ಕೆ ಮೂವತ್ತಾರಕ್ಕೂ ಏರಿಸಿತು. ಮುಪ್ಪಿನ ಭದ್ರತೆ ಮತ್ತು ಇಂದಿನ ಹಸಿವು, ಎರಡರಲ್ಲಿ ಯಾವುದು ಮೊದಲು ಎಂಬ ಅದೇ ಚರ್ಚೆ ಮತ್ತೆ ಎದ್ದಿತು.

ದುಡಿಯುವ ಮಕ್ಕಳಿರುವ ಮನೆಗಳಿಗೆ ನಮ್ಮದೊಂದು ಮಾತು. ಪಿ.ಎಫ್. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಾಮಿನಿಯ ಹೆಸರು ಸೇರಿಸಿದೆಯೇ, ಹೆಸರು ಮತ್ತು ಜನ್ಮದಿನಾಂಕ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಇದೆಯೇ ನೋಡಿ. ಕಾರ್ಖಾನೆ ಬದಲಾಯಿಸಿದಾಗ ಅವಸರಕ್ಕೆ ಹಣ ತೆಗೆಯುವ ಬದಲು, ಸಾಧ್ಯವಿದ್ದರೆ ಹಳೆಯ ಖಾತೆಯನ್ನು ಹೊಸತಕ್ಕೆ ವರ್ಗಾಯಿಸಿ. ಸೇವೆ ಒಟ್ಟು ಹತ್ತು ವರ್ಷ ಆದವರಿಗೆ ಮುಂದೆ ಪಿಂಚಣಿಯ ಹಕ್ಕು ಬರುತ್ತದೆ. ಇನ್ನು ನಿಯಮ ರೂಪಿಸುವವರಲ್ಲಿ ನಮ್ಮ ಬೇಡಿಕೆ ಇಷ್ಟೇ: ಇನ್ನೊಮ್ಮೆ ವಯಸ್ಸಿನ ಅಥವಾ ಕಾಯುವಿಕೆಯ ಅಂಕಿ ಬದಲಿಸುವ ಮುನ್ನ, ಹೊಲಿಗೆ ಯಂತ್ರದ ಮುಂದೆ ಕುಳಿತವರನ್ನು ಒಮ್ಮೆ ಕೇಳಿ. ಅವರು ರಸ್ತೆಗೆ ಬಂದ ಮೇಲೆ ಕೇಳುವುದಕ್ಕಿಂತ ಅದು ಒಳ್ಳೆಯದು.