ಹಾರುವುದನ್ನು ಬಿಟ್ಟ ದಾಯಾದಿ

ನಮ್ಮ ಕೆರೆಗಳ ಜೊಂಡಿನಲ್ಲಿ ಗಿಡ್ಡ ಬಾಲ ಕುಣಿಸುತ್ತ ಓಡಾಡುವ ನೇರಳೆ ಜಂಬುಕೋಳಿಗೆ ನ್ಯೂಜಿಲೆಂಡಿನಲ್ಲಿ ಇಬ್ಬರು ದಾಯಾದಿಗಳು: ಪುಕೆಕೊ, ತಕಹೆ. ಎರಡಕ್ಕೂ ಅದೇ ನೀಲಿ ಮೈ, ಅದೇ ಕೆಂಪು ಕೊಕ್ಕು. ಆದರೆ ಪುಕೆಕೊ ಉದ್ದ ಕಾಲಿನ, ಕಿಲೋ ತೂಗುವ ಹಕ್ಕಿ. ತಕಹೆ ದಪ್ಪ ಕಾಲಿನದು, ಬೆನ್ನು ಹಸಿರು, ತೂಕ ಮೂರು ಕಿಲೋ ಆಸುಪಾಸು. ಅದಕ್ಕೆ ಹಾರಲು ಬರುವುದಿಲ್ಲ. ರೆಕ್ಕೆ ಏನಿದ್ದರೂ ಸಂಗಾತಿಯ ಮುಂದೆ ಬೀಗಲು, ಎದುರಾಳಿಯನ್ನು ಹೆದರಿಸಲು.

ತಕಹೆಯ ಪೂರ್ವಜರು ಬಂದದ್ದು ಲಕ್ಷಾಂತರ ವರ್ಷಗಳ ಹಿಂದೆ. ಅಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಸಸ್ತನಿಗಳೇ ಇರಲಿಲ್ಲ. ಹಾರುವ ಸ್ನಾಯು ಸಾಕುವುದು ದುಬಾರಿ ಬಾಬತ್ತು. ಓಡಿಸಿಕೊಂಡು ಬರುವವರೇ ಇಲ್ಲದಿದ್ದರೆ ಅದೇಕೆ? ಉಳಿದ ಶಕ್ತಿಯೆಲ್ಲ ಚಳಿ ತಡೆಯುವ ದೊಡ್ಡ ದೇಹಕ್ಕೆ ಹೋಯಿತು. ತಕಹೆ ಊಟ ಮಾಡುವುದನ್ನು ನೋಡಬೇಕು: ಬೆಟ್ಟದ ಹುಲ್ಲಿನ ಕಂತೆಯಿಂದ ಒಂದು ದಂಟನ್ನು ಕೊಕ್ಕಿನಿಂದ ಕಿತ್ತು, ಒಂಟಿಗಾಲಲ್ಲಿ ನಿಂತು ಇನ್ನೊಂದು ಕಾಲಲ್ಲಿ ಹಿಡಿದು, ಬುಡದ ಮೆತ್ತನೆಯ ಭಾಗವನ್ನಷ್ಟೇ ತಿಂದು ಉಳಿದದ್ದನ್ನು ಬಿಸಾಡುತ್ತದೆ. ಹುಲ್ಲಿನಲ್ಲಿ ಸತ್ವ ಕಡಿಮೆ, ಹಾಗಾಗಿ ದಿನವಿಡೀ ಇದೇ ಕೆಲಸ. ಹಿಕ್ಕೆಯೂ ಧಾರಾಳ.

ಪುಕೆಕೊ ಆಸ್ಟ್ರೇಲಿಯಾ ಕಡೆಯಿಂದ ಬಂದು ನೆಲೆಸಿದ್ದು ಸುಮಾರು ಸಾವಿರ ವರ್ಷಗಳಿಂದೀಚೆಗೆ. ಅದು ರೆಕ್ಕೆಯನ್ನೂ ಅಂಜಿಕೆಯನ್ನೂ ಉಳಿಸಿಕೊಂಡೇ ಬಂದಿತ್ತು. ಕಾಡು ಕಡಿದು ಹುಲ್ಲುಗಾವಲು ಮಾಡಿದಷ್ಟೂ ಅದಕ್ಕೆ ಹಬ್ಬ. ಒಂದೇ ಗೂಡಿನಲ್ಲಿ ಹಲವು ಹೆಣ್ಣುಗಳು ಮೊಟ್ಟೆಯಿಟ್ಟು, ಗುಂಪೆಲ್ಲ ಸೇರಿ ಮರಿ ಸಾಕುತ್ತವೆ. ತಕಹೆ ಜೋಡಿ ವರ್ಷಕ್ಕೆ ಒಂದು ಮರಿಯನ್ನು ದೊಡ್ಡದು ಮಾಡಿದರೆ ಹೆಚ್ಚು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೊಲ ನಿಯಂತ್ರಿಸಲೆಂದು ತಂದ, ಮುಂಗುಸಿಯಂಥ ಸ್ಟೋಟ್ ತಕಹೆಗೆ ಮೃತ್ಯುವಾಯಿತು. ಹೊರಗಿನಿಂದ ಬಂದ ಜಿಂಕೆಗಳು ಅದರ ಹುಲ್ಲು ಮೇಯ್ದವು. 1898ರಲ್ಲಿ ಟೆ ಅನೌ ಸರೋವರದ ಬಳಿ ನಾಯಿಯೊಂದು ಹಿಡಿದದ್ದೇ ಕೊನೆಯ ತಕಹೆ ಎಂದುಕೊಂಡಿದ್ದರು. 1948ರ ನವೆಂಬರಿನಲ್ಲಿ ವೈದ್ಯ ಜೆಫ್ರಿ ಆರ್ಬೆಲ್ ಮರ್ಚಿಸನ್ ಪರ್ವತಗಳಲ್ಲಿ ಅದನ್ನು ಮತ್ತೆ ಕಂಡುಹಿಡಿದರು. ಬಳಿಕ ಮರಿಗಳನ್ನು ಸಾಕಿ, ಸ್ಟೋಟ್ ಇಲ್ಲದ ದ್ವೀಪಗಳಿಗೂ ಒಯ್ದರು.

ಅಲ್ಲೂ ದಾಯಾದಿಯ ಹೋಲಿಕೆ ಮುಳುವಾಯಿತು. 2015ರಲ್ಲಿ ಮೊಟುಟಾಪು ದ್ವೀಪದಲ್ಲಿ ಪುಕೆಕೊ ಕಡಿಮೆ ಮಾಡಲು ಹೋದ ಬೇಟೆಗಾರರು ನಾಲ್ಕು ತಕಹೆಗಳನ್ನು ಹೊಡೆದರು. ಮೂರು ಪಟ್ಟು ತೂಕದ, ಹಾರದ ಹಕ್ಕಿಯನ್ನು ಗುರುತಿಸಲಾರದವರ ಕೈಗೆ ಬಂದೂಕು ಕೊಡಬಾರದಿತ್ತು.

2023ರ ಹೊತ್ತಿಗೆ ತಕಹೆಗಳ ಸಂಖ್ಯೆ 500ರ ಸುಮಾರಿಗೆ ಏರಿದೆ. ಪುಕೆಕೊಗೆ ಅಂಥ ಲೆಕ್ಕದ ಅಗತ್ಯವೇ ಬಿದ್ದಿಲ್ಲ. ಋತು ಬಂದಾಗ ಅದರ ಬೇಟೆಗೆ ಅಲ್ಲಿ ಕಾನೂನಿನ ಅನುಮತಿಯಿದೆ.