ಗಣಿ ಮುಚ್ಚಿದ ಊರಿಗೆ ರೈಲೇ ಭತ್ಯೆ

ಇಪ್ಪತ್ತು ವರ್ಷ ಗಣಿಯೊಳಗೆ ದುಡಿದವನನ್ನು ಮನೆಗೆ ಕಳಿಸುವಾಗ ಅವನ ಕೈಗಿಡಬೇಕೆಂದು ಕಾನೂನು ಹೇಳುತ್ತಿದ್ದುದು ಮುನ್ನೂರು ದಿನದ ಸಂಬಳ. ಪೂರೈಸಿದ ಒಂದೊಂದು ವರ್ಷದ ಸೇವೆಗೆ ಹದಿನೈದು ದಿನದ ಸರಾಸರಿ ವೇತನ ಎಂಬುದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಲೆಕ್ಕ. ಅದರ ಜೊತೆಗೆ ಗ್ರಾಚ್ಯುಟಿ, ಪಿಎಫ್ ಹಣ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಊರವರ ಬಾಯಲ್ಲಿನ ಬಿಜಿಎಂಎಲ್, ಕೋಲಾರದ ಚಿನ್ನದ ಗಣಿಗಳನ್ನು ಮುಚ್ಚಿದಾಗ ಅಲ್ಲಿ ಉಳಿದಿದ್ದವರು ಸುಮಾರು ಮೂರೂವರೆ ಸಾವಿರ ಮಂದಿ. ಅವರಿಗಾಗಿ ‘ಎಸ್‌ಟಿಬಿಪಿ’ ಎಂಬ ವಿಶೇಷ ಪ್ಯಾಕೇಜ್ ಬಂತು. ಹೆಸರು ಬೇರೆಯಾದರೂ ಅದೂ ಒಂದೇ ಸಲ ಕೊಟ್ಟು ಲೆಕ್ಕ ಚುಕ್ತಾ ಮಾಡುವ ಇಡಿಗಂಟೇ. ಅದರಲ್ಲಿ ಬಾಕಿ ಎಷ್ಟು, ಯಾರಿಗೆ ಸಂದಿಲ್ಲ ಎಂಬ ತಕರಾರು ಮುಂದೆ ವರ್ಷಗಟ್ಟಲೆ ನಡೆಯಿತು.

ಇಡಿಗಂಟಿಗೆ ಮನೆಯಲ್ಲಿ ಮೊದಲೇ ದಾರಿಗಳು ಕಾದಿರುತ್ತವೆ. ಮಗಳ ಮದುವೆ, ಸೊಸೈಟಿ ಸಾಲ, ಅಂಗಡಿಯ ಉದ್ರಿ, ಅಡವಿಟ್ಟ ಒಡವೆ. ಅಕ್ಕಿ, ಫೀಸು, ಔಷಧಿ ಮಾತ್ರ ತಿಂಗಳು ತಿಂಗಳೂ ಬೇಕು. ಕೆಲಸ ಕಳೆದುಕೊಂಡವನು ಇನ್ನೊಂದು ಕೆಲಸ ಹುಡುಕುವಷ್ಟು ಕಾಲ ಮನೆ ನಡೆಯಲಿ ಎಂದು ತಿಂಗಳಿಗಿಷ್ಟು ಕೊಡುವ ಏರ್ಪಾಡು ಈ ಗಣಿಗಳ ಊರಾದ ಕೆಜಿಎಫ್‌ಗೆ ಬೇಕಿತ್ತು. ಅದು ಸಿಗದಿದ್ದುದರ ಹಿಂದೆ ಒಂದು ದೀರ್ಘ ಕಥೆಯಿದೆ. ಅದು ಸಿಗದ ಜಾಗದಲ್ಲಿ ಬಂಗಾರಪೇಟೆಯ ರೈಲು ಬಂದು ನಿಂತದ್ದು ಆ ಕಥೆಯ ಮುಂದಿನ ಭಾಗ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಕಾಲಿಟ್ಟಿತು. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಜನ ಇಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರು, ಜೊತೆಗೆ ಗಡಿಯಾಚೆಯ ತೆಲುಗರು, ಸುತ್ತಲ ಹಳ್ಳಿಗಳ ಕನ್ನಡಿಗರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಬೇತಮಂಗಲದಿಂದ ನೀರು ಬಂತು. ಸಾಲು ಸಾಲು ಮನೆಗಳ ‘ಲೈನು’, ಆಸ್ಪತ್ರೆ, ಶಾಲೆ ಎಲ್ಲವೂ ಗಣಿಯದೇ. ಹಾಗಾಗಿ ಗಣಿ ನಿಂತಾಗ ಸಂಬಳವೊಂದೇ ನಿಲ್ಲಲಿಲ್ಲ. ಮನೆ ಯಾರದು ಎಂಬ ಪ್ರಶ್ನೆ ಎದ್ದಿತು, ಆಸ್ಪತ್ರೆ ಬಾಗಿಲು ಹಾಕಿತು. ಬೇರೆ ಊರಿನಲ್ಲಿ ಕಾರ್ಖಾನೆ ಮುಚ್ಚಿದರೆ ಕೆಲಸ ಹೋಗುತ್ತದೆ, ಇಲ್ಲಿ ಊರಿನ ವ್ಯವಸ್ಥೆಯೇ ಹೋಯಿತು.

ಮುಚ್ಚುವುದು ಒಂದೇ ದಿನದಲ್ಲಿ ಆದದ್ದಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಬಿಜಿಎಂಎಲ್ ಹುಟ್ಟಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನ ಇಳಿಯಿತು. ತೆಗೆದ ಚಿನ್ನವನ್ನು ಬಹುಕಾಲ ಪೇಟೆಯ ಬೆಲೆಗಲ್ಲ, ಸರ್ಕಾರ ಗೊತ್ತುಮಾಡಿದ ಕಡಿಮೆ ಬೆಲೆಗೆ ಒಪ್ಪಿಸಬೇಕಾಗಿತ್ತು. ನಷ್ಟದ ಲೆಕ್ಕ ಬರೆಯುವಾಗ ಈ ಮಾತನ್ನು ಯಾರೂ ಮರೆಯಬಾರದು. 1992ರಲ್ಲಿ ಕಂಪನಿ ಬಿಐಎಫ್‌ಆರ್ ಎಂಬ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಯಿತು. 2000ದ ಜೂನ್‌ನಲ್ಲಿ ಮಂಡಳಿ ಮುಚ್ಚಲು ಶಿಫಾರಸು ಮಾಡಿತು.

ಆ ನಡುವಿನ ಎಂಟು ವರ್ಷ ಕೆಜಿಎಫ್ ಪಾಲಿಗೆ ನಿರ್ಣಾಯಕವಾಗಿದ್ದವು. ಉದಾರೀಕರಣದ ಬೆನ್ನಿಗೇ, 1992ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಿತ್ತು. ಕೆಲಸ ಕಳೆದುಕೊಳ್ಳುವವರಿಗೆ ಸಲಹೆ, ಮರುತರಬೇತಿ, ಬೇರೆ ಕಡೆ ಕೆಲಸ ಕೊಡಿಸುವುದು ಅದರ ಘೋಷಿತ ಉದ್ದೇಶ. ದೇಶದಾದ್ಯಂತ ಅದರ ಹಣದ ಬಹುಪಾಲು ಹೋದದ್ದು ಸಾರ್ವಜನಿಕ ಉದ್ದಿಮೆಗಳ ಸ್ವಯಂ ನಿವೃತ್ತಿಗೆ, ಅಂದರೆ ವಿಆರ್‌ಎಸ್‌ಗೆ. ಮನೆಗೆ ಕಳಿಸಲು ದುಡ್ಡಿತ್ತು, ಹೊಸ ಕೆಲಸ ಕಲಿಸಲು ಮನಸ್ಸಿರಲಿಲ್ಲ. ಗಣಿಗೆ ಬೀಗ ಬೀಳುವ ಕೆಲವೇ ತಿಂಗಳ ಮುಂಚೆ, 2000ದಲ್ಲಿ, ಆ ನಿಧಿಯನ್ನೇ ರದ್ದು ಮಾಡಲಾಯಿತು.

ಲಂಡನ್ನಿನ ಕಂಪನಿಗಳು ಇಲ್ಲಿ ಚಿನ್ನ ತೆಗೆಯುತ್ತಿದ್ದ ಕಾಲದಲ್ಲೇ ಅವರ ದೇಶದಲ್ಲಿ ನಿರುದ್ಯೋಗ ವಿಮೆ ಶುರುವಾಗಿತ್ತು. 1911ರಲ್ಲಿ ಹಡಗು ಕಟ್ಟುವಿಕೆಯಂಥ ಕೆಲವೇ ಕಸುಬುಗಳಿಗೆ ಆರಂಭವಾದ ಆ ವಿಮೆ 1920ರಲ್ಲಿ ಬಹುತೇಕ ಎಲ್ಲ ಕೈಗಾರಿಕಾ ಕಾರ್ಮಿಕರಿಗೂ ವಿಸ್ತರಿಸಿತು. ಅದೇ ಮಾಲೀಕರ ಕೈಕೆಳಗೆ ಇಲ್ಲಿನ ಮಾರಿಕುಪ್ಪಂನಲ್ಲಿ ಬಂಡೆ ಸಿಡಿಸುತ್ತಿದ್ದವನಿಗೆ ಅಂಥದ್ದೇನೂ ಇರಲಿಲ್ಲ. ಸ್ವಾತಂತ್ರ್ಯದ ನಂತರ ನಮ್ಮ ಸಂವಿಧಾನದ 41ನೇ ವಿಧಿ ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯದ ಸಂದರ್ಭದಲ್ಲಿ ಸಾರ್ವಜನಿಕ ನೆರವಿನ ಮಾತಾಡಿತು, ಆದರೆ ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂದಿತು. 1948ರ ಇಎಸ್‌ಐ ಕಾಯ್ದೆಯಲ್ಲಿ ಕಾಯಿಲೆಗೆ, ಹೆರಿಗೆಗೆ, ಕೆಲಸದಲ್ಲಿ ಆದ ಗಾಯಕ್ಕೆ ಹಣ ಸಿಗುತ್ತಿತ್ತು, ಕೆಲಸ ಹೋದರೆ ಇಲ್ಲ. ನಿರುದ್ಯೋಗ ಭತ್ಯೆ ಆ ಕಾಯ್ದೆಯ ಆಸರೆಯಲ್ಲಿ ಬಂದದ್ದು 2005ರ ಏಪ್ರಿಲ್ 1ರಂದು, ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ಹೆಸರಿನಲ್ಲಿ. ಕೆಜಿಎಫ್ ಮುಚ್ಚಿ ಆಗಲೇ ನಾಲ್ಕು ವರ್ಷ ಕಳೆದಿತ್ತು. ಮೊದಲೇ ಬಂದಿದ್ದರೂ ಇವರಿಗೆ ಸಿಗುತ್ತಿರಲಿಲ್ಲ. ಇಎಸ್‌ಐ ಕಾಯ್ದೆಯ ಪ್ರಕಾರ ‘ಕಾರ್ಖಾನೆ’ ಎಂಬುದರೊಳಗೆ ಗಣಿ ಸೇರುತ್ತಿರಲಿಲ್ಲ. ಗಣಿಗೆ ಅದರದೇ ಆಸ್ಪತ್ರೆ ಇದೆಯಲ್ಲ ಎಂಬ ನಂಬಿಕೆಯಲ್ಲಿ ಯಾರೂ ಇದನ್ನು ದೊಡ್ಡ ಕೊರತೆ ಎಂದು ಕಂಡಿರಲಿಲ್ಲ.

ಪಿಂಚಣಿಯಾದರೂ ಕೈ ಹಿಡಿಯಬಹುದಿತ್ತಲ್ಲ ಎನ್ನಬಹುದು. ಇಪಿಎಸ್ 95 ಯೋಜನೆಯಲ್ಲಿ ಪೂರ್ತಿ ಪಿಂಚಣಿಗೆ 58 ತುಂಬಬೇಕು. ಹತ್ತು ವರ್ಷದ ಸೇವೆಯಿದ್ದರೆ 50ಕ್ಕೇ ತೆಗೆದುಕೊಳ್ಳಬಹುದು, ಆದರೆ ಮುಂಚಿತವಾದ ಒಂದೊಂದು ವರ್ಷಕ್ಕೂ ಕಡಿತ ಉಂಟು, ಆ ಕಡಿತ ಸಾಯುವವರೆಗೂ ಜೊತೆಗೇ ಬರುತ್ತದೆ. 2001ರಲ್ಲಿ 42 ವಯಸ್ಸಾಗಿದ್ದವನ ಪಾಡು ಯೋಚಿಸಿ. ಎಂಟು ವರ್ಷ ಏನೂ ಇಲ್ಲ, ಆಮೇಲೆ ಬೇಕಾದರೆ ಕಡಿತದ ಪಿಂಚಣಿ, ಇಲ್ಲವಾದರೆ ಇನ್ನೂ ಎಂಟು ವರ್ಷ ಕಾಯಬೇಕು. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಬಹುದಿತ್ತು. ಶಾಫ್ಟ್ ಇಳಿದು ಡ್ರಿಲ್ಲಿಂಗ್, ಬ್ಲಾಸ್ಟಿಂಗ್ ಮಾಡಿದ ಅನುಭವವನ್ನು ಅಲ್ಲಿನ ಕಾರ್ಡಿನಲ್ಲಿ ಬರೆದುಕೊಳ್ಳಬಹುದು, ಆದರೆ ಹತ್ತಿರದಲ್ಲಿ ಅದನ್ನು ಕೇಳುವ ಮಾಲೀಕರು ಎಲ್ಲಿದ್ದರು? ಎದೆಯೊಳಗಿನ ದೂಳು ಇನ್ನೊಂದು ಕಡೆ. ನಮ್ಮ ದೇಶದಲ್ಲಿ ಆ ದೂಳಿನ ಕಾಯಿಲೆ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೋಲಾರದ ಗಣಿಗಳಿಂದ, 1947ರಲ್ಲಿ. ಕೆಲಸ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಅದು ಕಾಣಿಸಿಕೊಳ್ಳುತ್ತದೆ. ಅಂಥವನು ಬೆಂಗಳೂರಿನ ಕಟ್ಟಡದಲ್ಲಿ ಗಾರೆ ಕಲಸಬೇಕು, ಇಲ್ಲವೇ ಗೇಟಿನ ಬಳಿ ರಾತ್ರಿಯೆಲ್ಲ ನಿಲ್ಲಬೇಕು.

ಉಳಿದದ್ದು ರೈಲು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹದಿನಾರು ಕಿಲೋಮೀಟರಿನ ಕವಲು ದಾರಿ 1894ರಲ್ಲಿ ತೆರೆದದ್ದು ಗಣಿಗಾಗಿ. ಕೋರಮಂಡಲ್, ಊರ್‍ಗಾಂ, ಚಾಂಪಿಯನ್ ಎಂದು ನಿಲ್ದಾಣಗಳ ಹೆಸರೇ ಗಣಿಗಳ ಹೆಸರು. ಯಂತ್ರ, ಕಲ್ಲಿದ್ದಲು ತರಲು ಹಾಕಿದ ಹಳಿಯ ಮೇಲೆ ಈಗ ಊರಿನ ದುಡಿಯುವ ಜನವೇ ಬೆಳಗಾಗುವ ಮುಂಚೆ ಹೊರಡುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ಟೇಕಲ್, ಮಾಲೂರು ದಾಟುವಷ್ಟರಲ್ಲಿ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವೈಟ್‌ಫೀಲ್ಡ್‌ನಲ್ಲಿ, ಕೆ.ಆರ್. ಪುರದಲ್ಲಿ, ಕಂಟೋನ್ಮೆಂಟಿನಲ್ಲಿ ಇಳಿದು ಚದುರುತ್ತಾರೆ: ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಕೊರಿಯರ್, ಅಂಗಡಿ, ಕಾಲ್ ಸೆಂಟರ್. ಟಿಫಿನ್ ಡಬ್ಬಿ ಎರಡಿದ್ದರೆ ಒಂದು ಬೆಳಗ್ಗೆ ರೈಲಿನಲ್ಲೇ ಖಾಲಿ. ಸೀಟು ಸಿಕ್ಕವರು ಮಾಲೂರಿನಲ್ಲಿ ಎದ್ದು, ನಿಂತಿದ್ದವರಿಗೆ ಬಿಟ್ಟುಕೊಡುವ ಪದ್ಧತಿಯನ್ನು ಕೆಲವು ಬೋಗಿಗಳಲ್ಲಿ ನಾನು ನೋಡಿದ್ದೇನೆ. ಹೋಗಿ ಬರಲು ದಿನಕ್ಕೆ ನಾಲ್ಕೈದು ಗಂಟೆ ಹೋಗುತ್ತದೆ, ಆ ಹೊತ್ತಿಗೆ ಕೂಲಿಯಿಲ್ಲ.

ತಿಂಗಳ ಸೀಸನ್ ಪಾಸು ರೈಲ್ವೆ ನಷ್ಟ ತಾಳಿಕೊಂಡು ಕೊಡುವ ಅಗ್ಗದ ಟಿಕೆಟ್. ಅದನ್ನು ನಿರುದ್ಯೋಗಿಯ ನೆರವು ಎಂದು ಯಾವ ಕಡತವೂ ಕರೆಯುವುದಿಲ್ಲ. ಆದರೆ ಕೆಜಿಎಫ್‌ನ ಮಟ್ಟಿಗೆ ಕಾಲು ಶತಮಾನದಿಂದ ತಿಂಗಳು ತಿಂಗಳೂ, ಯಾವ ಅರ್ಜಿ, ಯಾವ ಸಾಹೇಬರ ಸಹಿಯೂ ಇಲ್ಲದೆ ತಲುಪಿದ ಸರ್ಕಾರಿ ಸಹಾಯ ಅದೊಂದೇ ಎಂದು ನನಗೆ ಅನಿಸುತ್ತದೆ. 2009ರ ಆಗಸ್ಟ್‌ನಲ್ಲಿ ‘ಇಜ್ಜತ್’ ಎಂಬ ಪಾಸು ಬಂತು. ನೂರು ಕಿಲೋಮೀಟರಿನವರೆಗೆ ತಿಂಗಳಿಗೆ ಬರೀ 25 ರೂಪಾಯಿ. ಮಾರಿಕುಪ್ಪಂನಿಂದ ಬೆಂಗಳೂರು ಅದರೊಳಗೇ ಬರುತ್ತದೆ. ಷರತ್ತು ಮಾತ್ರ ಗಟ್ಟಿ: ತಿಂಗಳ ವರಮಾನ 1,500 ರೂಪಾಯಿ ಮೀರಬಾರದು. ದಿನಕ್ಕೆ ಐವತ್ತು ರೂಪಾಯಿಗೆ ಬೆಂಗಳೂರಿಗೆ ಹೋಗಿ ದುಡಿದು ಬರುವವರು ಆಗಲೂ ಇರಲಿಲ್ಲ. ಕೆಲಸ ಹುಡುಕುತ್ತಿರುವವನಿಗೆ ಅದು ಸಲ್ಲುತ್ತಿತ್ತು, ಆದರೆ ವರಮಾನದ ಪತ್ರ ತರಬೇಕಿತ್ತು. ಪ್ರತ್ಯೇಕ ತಾಲ್ಲೂಕಾಗುವವರೆಗೂ ಕೆಜಿಎಫ್ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿತ್ತು. ಒಂದು ಕಾಗದಕ್ಕಾಗಿ ಅಲ್ಲಿಗೆ ಓಡಾಡಿ ಒಂದು ದಿನದ ಕೂಲಿ ಬಿಡುವುದು ಎಷ್ಟು ಮನೆಗಳಿಗೆ ಸಾಧ್ಯ?

ಬಂಗಾರಪೇಟೆಯ ಸುತ್ತಲ ಹಳ್ಳಿಗಳಿಗೆ 2008ರ ಏಪ್ರಿಲ್‌ನಲ್ಲಿ ಉದ್ಯೋಗ ಖಾತ್ರಿ ಬಂತು. 2005ರ ಆ ಕಾಯ್ದೆಯಲ್ಲಿ ನಿರುದ್ಯೋಗ ಭತ್ಯೆಯ ಮಾತು ಸ್ಪಷ್ಟವಾಗಿಯೇ ಇತ್ತು. ಕೆಲಸ ಕೇಳಿ ಹದಿನೈದು ದಿನದೊಳಗೆ ಕೊಡದಿದ್ದರೆ ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಹಾಗೆ ಭತ್ಯೆ ಪಡೆದವರು ವಿರಳ, ಆದರೂ ಹಕ್ಕು ಹಕ್ಕೇ. ಕೆಜಿಎಫ್ ನಗರಸಭೆ ವ್ಯಾಪ್ತಿಯದು, ಆದ್ದರಿಂದ ಅದರ ಲೈನುಗಳಿಗೆ ಈ ಹಕ್ಕು ಬರಲಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬದ ಈಚೆಗೆ ಊರು, ಆಚೆಗೆ ಹಳ್ಳಿ. ಎರಡೂ ಕಡೆ ಕೆಲಸವಿಲ್ಲದವರೇ, ಒಂದು ಕಡೆಯವರಿಗೆ ಮಾತ್ರ ಜಾಬ್ ಕಾರ್ಡ್.

ಮೊಮ್ಮಕ್ಕಳ ಕಾಲಕ್ಕೆ ರಾಜ್ಯ ಸರ್ಕಾರದ ಯುವನಿಧಿ ಬಂತು. 2023ರ ಡಿಸೆಂಬರ್ 26ರಂದು ನೋಂದಣಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ, ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷದವರೆಗೆ. ಪಾಸಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು, ಮುಂದೆ ಓದುತ್ತಿರಬಾರದು. ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಮುಗಿಯಲಿಲ್ಲ. ‘ನನಗಿನ್ನೂ ಕೆಲಸ ಸಿಕ್ಕಿಲ್ಲ’ ಎಂದು ಆಗಾಗ್ಗೆ ಸ್ವಯಂ ಘೋಷಣೆ ಕೊಡುತ್ತಿರಬೇಕು. ಆರಂಭದಲ್ಲಿ ಅದು ಪ್ರತಿ ತಿಂಗಳೂ ಇತ್ತು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಸಿಮ್ ರೀಚಾರ್ಜ್ ಇಲ್ಲದೆ ನಿಂತಿದ್ದರೆ ಒಟಿಪಿಯೂ ಇಲ್ಲ, ಘೋಷಣೆಯೂ ಇಲ್ಲ, ಆ ಸಲದ ದುಡ್ಡೂ ಇಲ್ಲ. ಸಂಬಳವಿಲ್ಲದ ಮನೆಯಲ್ಲಿ ಮೊದಲು ಕಟ್ಟಾಗುವುದು ಮೊಬೈಲ್ ರೀಚಾರ್ಜೇ ಎಂಬುದನ್ನು ಪೋರ್ಟಲ್ ಮಾಡಿದವರು ಯೋಚಿಸಬೇಕಿತ್ತು. ಹಾಗಿದ್ದರೂ ಈ ಯೋಜನೆ ದೊಡ್ಡ ಹೆಜ್ಜೆ ಎಂದೇ ನಾನು ಹೇಳುತ್ತೇನೆ. ಈ ರಾಜ್ಯದಲ್ಲಿ ಕೆಲಸ ಹುಡುಕುವವರ ಖಾತೆಗೆ ತಿಂಗಳ ಲೆಕ್ಕದಲ್ಲಿ ಹಣ ಹಾಕುವ ಕ್ರಮ ಇಷ್ಟು ವ್ಯಾಪಕವಾಗಿ ಹಿಂದೆ ಬಂದಿರಲಿಲ್ಲ. ಕೊರಗು ಇರುವುದು ಐಟಿಐ ಬಗ್ಗೆ. ಊರಿನ ಬೆಮೆಲ್ ಕಾರ್ಖಾನೆ ನೋಡಿ ಬೆಳೆದ ಕೆಜಿಎಫ್‌ನ ಎಷ್ಟೋ ಹುಡುಗರು ಆರಿಸಿಕೊಂಡದ್ದು ಫಿಟ್ಟರ್, ಟರ್ನರ್, ವೆಲ್ಡರ್. ಅವರು ಯುವನಿಧಿಯ ಪಟ್ಟಿಯಲ್ಲಿಲ್ಲ. ಪಿಯುಸಿಗೆ ಓದು ನಿಲ್ಲಿಸಿ ಬೆಳಗಿನ ರೈಲು ಹತ್ತಿದ ಹುಡುಗಿಯೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಅವಳು ಇಂಟರ್‌ವ್ಯೂಗಳಿಗೆ ಓಡಾಡಬಹುದು, ಅಷ್ಟೇ.

ಈಗಿನ ಹುಡುಗರು ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಬಸ್ ಹತ್ತುತ್ತಾರೆ. ಹೆಚ್ಚಿನ ಕೆಲಸ ಗುತ್ತಿಗೆಯದು, ಆದರೆ ಇಎಸ್‌ಐ ಕಡಿತ ಇರುತ್ತದೆ. ಅವರು ತಿಳಿದಿರಬೇಕಾದ್ದು, ಕೆಲಸ ಹೋದಾಗ ಇಎಸ್‌ಐ ಕಡೆಯಿಂದ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಂದು ಬಂದಾಗ ಅದು ಸಂಬಳದ ಕಾಲು ಭಾಗ ಕೊಡುತ್ತಿತ್ತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅರ್ಧಕ್ಕೆ ಏರಿಸಿದರು. ಮಿತಿ 90 ದಿನ, ಅದೂ ಜೀವಮಾನದಲ್ಲಿ ಒಮ್ಮೆ. ಹದಿನಾರು ಸಾವಿರ ಸಂಬಳದವನಿಗೆ ಮೂರು ತಿಂಗಳಿಗೆ ಸುಮಾರು 24 ಸಾವಿರ. ಎರಡು ವರ್ಷದ ವಿಮೆ ಇರಬೇಕು, ಕೆಲಸ ಹೋಗುವ ಮುಂಚಿನ ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಇಎಸ್‌ಐ ನಂಬರ್ ಮಾಡಿಸಿದರೆ ಈ ಎರಡು ವರ್ಷದ ಲೆಕ್ಕವೇ ಕಡಿದುಹೋಗುವ ಅಪಾಯವಿದೆ. ಹಳೆಯ ನಂಬರನ್ನೇ ಕೊಡಿ, ವಂತಿಗೆ ಜಮೆಯಾಗುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಿ. ಕೆಲಸ ತಾವೇ ಬಿಟ್ಟದ್ದಲ್ಲ ಎಂದು ತೋರಿಸುವ ಕಾಗದ ಏನಿದ್ದರೂ ಜೋಪಾನ.

ಕೆಜಿಎಫ್‌ನಲ್ಲಿ ಮತ್ತೆ ಗಣಿಯ ಮಾತು ಎದ್ದಿದೆ. ಹಳೆಯ ಹದಿಮೂರು ದಿಬ್ಬಗಳ, ಸುಮಾರು ಸಾವಿರ ಎಕರೆಯ ಮಣ್ಣಿನಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ದಿಬ್ಬದ ಕೆಲಸ ದಿಬ್ಬ ಇರುವವರೆಗೆ ಮಾತ್ರ. ಎಷ್ಟು ಜನ ಸ್ಥಳೀಯರಿಗೆ ಕೆಲಸ ಎಂದು ಊರು ಕೇಳುತ್ತಿರುವುದು ಸರಿಯೇ. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಕೆಲಸ ಮುಗಿದ ಮೇಲೆ ಎಷ್ಟು ತಿಂಗಳು ಭತ್ಯೆ, ಅದನ್ನು ಕೊಡುವವರು ಯಾರು, ಇನ್ನೊಂದು ಕಸುಬು ಕಲಿಸುವವರು ಯಾರು. ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮುಂಚೆಯೇ ಅದನ್ನು ಬರೆಸಿಕೊಳ್ಳಬೇಕು.