ಪೋರ್ತುಗೀಜ ಅಡ್ಡಹೆಸರುಗಳೂ ವಂಶಶೋಧನೆಯೂ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಒಬ್ಬರ ಅಡ್ಡಹೆಸರನ್ನು ಕೇಳಿದೊಡನೆ ಅವರ ಮನೆತನವನ್ನು ಊಹಿಸುವುದು ರೂಢಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಹೆಸರುಗಳಿಗೆ ಈ ಭಾಗದಲ್ಲಿ ಯಾರೂ ನಗುವುದಿಲ್ಲ. ಹಿಂದೆ ಒಂದು ಕಸುಬೋ ಪ್ರಸಂಗವೋ ಇದ್ದೀತೆಂದು ಬಲ್ಲೆವು. ಆದರೆ ಇದೇ ರೂಢಿಯನ್ನು ನಂಬಿ, ಗೋವೆ ಮತ್ತು ಕರಾವಳಿಯಿಂದ ಬಂದು ಈ ರೈಲ್ವೆ ನಗರದಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತ ಕುಟುಂಬಗಳ ವಂಶವನ್ನು ಅರಸಹೊರಟ ವಿದ್ಯಾರ್ಥಿಯು ಮೋಸಹೋಗುವನು. ಇಬ್ಬರು ಫರ್ನಾಂಡಿಸರು ದಾಯಾದಿಗಳೇ ಆಗಿರಬೇಕೆಂಬ ನಿಯಮವಿಲ್ಲ.

ಫರ್ನಾಂಡಿಸ್ ಎಂದರೆ ಫರ್ನಾಂದೋ ಎಂಬವನ ಮಗ. ರೊಡ್ರಿಗಸ್ ಎಂದರೆ ರೊದ್ರಿಗೋನ ಮಗ. ಪೋರ್ತುಗಲಿನಲ್ಲಿ ಹೀಗೆ ಹುಟ್ಟಿದ ಹೆಸರುಗಳು 1510ರ ತರುವಾಯ ಗೋವೆಯಲ್ಲಿ ಮತಾಂತರದೊಡನೆ ಹಬ್ಬಿದವು. ದೀಕ್ಷಾಸ್ನಾನ ಪಡೆದವನಿಗೆ ಅನೇಕ ವೇಳೆ ಪಾದ್ರಿಯ ಅಥವಾ ಧರ್ಮಪಿತನ ಹೆಸರೇ ಅಂಟಿಕೊಂಡಿತು. ಆದುದರಿಂದ ಒಂದೇ ವಂಶದ ಶಾಖೆಗಳಿಗೆ ಬೇರೆ ಬೇರೆ ಅಡ್ಡಹೆಸರುಗಳೂ, ಸಂಬಂಧವಿಲ್ಲದ ಮನೆಗಳಿಗೆ ಒಂದೇ ಅಡ್ಡಹೆಸರೂ ಬರುವುದು ಸಾಧ್ಯವಾಯಿತು. ಸ್ಪೇನಿನವರ ಆಳಿಕೆಯಲ್ಲಿದ್ದ ಫಿಲಿಪೈನ್ಸಿನಲ್ಲಂತೂ 1849ರಲ್ಲಿ ಗವರ್ನರನು ಹೆಸರುಗಳ ಪಟ್ಟಿಯನ್ನೇ ಅಚ್ಚುಹಾಕಿಸಿ ಹಂಚಿದನು!

ಮೂಲದೇಶಗಳ ಪದ್ಧತಿಯನ್ನೂ ಅರಿತಿರಬೇಕು. ಸ್ಪೇನಿನಲ್ಲಿ ತಂದೆಯ ಕುಲನಾಮ ಮೊದಲು, ತಾಯಿಯದು ಅನಂತರ. ಪೋರ್ತುಗಲಿನಲ್ಲಿ ಸಾಮಾನ್ಯವಾಗಿ ತಾಯಿಯದು ಮೊದಲು, ತಂದೆಯದು ಕೊನೆಗೆ. ಅಲ್ಲದೆ ಪೋರ್ತುಗಲಿನಲ್ಲಿ ಹಿಂದೆ ಅಣ್ಣನು ತಂದೆಯ ಹೆಸರನ್ನೂ ತಮ್ಮನು ತಾಯಿಯ ಹೆಸರನ್ನೂ ಧರಿಸುವುದಿತ್ತು. ಹೆಣ್ಣುಮಕ್ಕಳಿಗೆ ಕುಲನಾಮದ ಬದಲು ಭಕ್ತಿಸೂಚಕವಾದ ಹೆಸರನ್ನಿಡುವುದೂ ಇತ್ತು. ನಮ್ಮ ಕಡೆ ಬಹುಮಟ್ಟಿಗೆ ತಂದೆಯ ಹೆಸರೊಂದೇ ಉಳಿದುಬಂದಿತು. ತಾಯಿಯ ವಂಶದ ಸುಳಿವು ಹೀಗೆ ಅಳಿಸಿಹೋಗುತ್ತದೆ.

ಆಗ ಗತಿ ಏನು? ಇಗರ್ಜಿಯ (ಈ ಮಾತೂ ಪೋರ್ತುಗೀಜರಿಂದ ಬಂದುದೇ) ದೀಕ್ಷಾಸ್ನಾನದ ಪುಸ್ತಕ. 1563ರಲ್ಲಿ ಟ್ರೆಂಟ್ ಧರ್ಮಸಭೆಯು ಇಂಥ ದಾಖಲೆಗಳನ್ನು ಕಡ್ಡಾಯಗೊಳಿಸಿತು. ಮಗುವಿನ ಅಡ್ಡಹೆಸರಿಗಿಂತ ತಾಯಿತಂದೆಗಳ ಊರು ಮತ್ತು ಧರ್ಮಪಿತ, ಧರ್ಮಮಾತೆಯರ ಹೆಸರುಗಳೇ ಹೆಚ್ಚು ಬೆಲೆಯುಳ್ಳವು; ಹತ್ತಿರದ ನೆಂಟರನ್ನೇ ಆ ಸ್ಥಾನಕ್ಕೆ ಕರೆಯುವುದು ಸಾಮಾನ್ಯ. ಆದರೆ ಕರಾವಳಿಯ ಕುಟುಂಬಗಳ ವಿಷಯದಲ್ಲಿ ಈ ದಾರಿಯೂ ಬಹುದೂರ ಸಾಗದು. 1784ರಲ್ಲಿ ಟೀಪೂ ಸುಲ್ತಾನನು ಕನ್ನಡ ಜಿಲ್ಲೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳನ್ನು ಕೆಡವಲಾಯಿತು. ಅದಕ್ಕೆ ಹಿಂದಿನ ಸಂಗತಿಗಳಿಗೆ ಮನೆಯ ನೆನಪೇ ಆಧಾರ. ಮಂಗಳೂರಿನ ಕಡೆಯ ಕೆಲವು ಮನೆತನಗಳು ಪ್ರಭು, ಕಾಮತ್, ಶೇಟ್, ಪೈ ಎಂಬ ಪೂರ್ವದ ಹೆಸರುಗಳನ್ನು ಇಂದಿಗೂ ಬಲ್ಲವು. ಆದುದರಿಂದ ದಫ್ತರವನ್ನು ತೆರೆಯುವ ಮೊದಲು ಮನೆಯ ವೃದ್ಧೆಯರನ್ನು ವಿಚಾರಿಸುವುದು ಲೇಸು; ದಫ್ತರವಾದರೋ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.